ಕರಡಿಗೆಯೊಳಗಿನ ವಿಳಾಸ

ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬನು ತನ್ನ ಅಳತೆಯ ಫಲವನ್ನು ಕೇವಲ "25" ಎಂದು ಬರೆದು ತಂದರೆ, ನಾವು ಮೊದಲು ಕೇಳುವ ಪ್ರಶ್ನೆ "ಇಪ್ಪತ್ತೈದು ಏನು?" ಎಂಬುದು. ಸೆಂಟಿಮೀಟರೇ, ಗ್ರಾಮೇ, ಡಿಗ್ರಿಯೇ? ಏಕಮಾನವನ್ನು ಹೇಳದ ಅಳತೆಯಿಂದ ಪ್ರಯೋಜನವಿಲ್ಲ. ಗಣಕಯಂತ್ರದ ಒಳಗೂ ಇಂತಹುದೇ ಒಂದು ತೊಡಕು ಉಂಟು. ಪೈಥಾನ್ ಎಂಬ ಗಣಕಭಾಷೆಯು ಅದನ್ನು ಹೇಗೆ ಬಿಡಿಸಿಕೊಂಡಿದೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಪೈಥಾನ್ ಭಾಷೆಯನ್ನು ಗೀಡೊ ವಾನ್ ರೋಸಮ್ ಎಂಬುವರು 1991ರಲ್ಲಿ ಹೊರತಂದರು. ಅದು ಕಲಿಯಲು ಸುಲಭ. ಆದರೆ ಭಾರಿ ಲೆಕ್ಕಗಳಲ್ಲಿ ನಿಧಾನ. ಆದುದರಿಂದ ವೇಗವು ಅವಶ್ಯವಾದ ಭಾಗಗಳನ್ನು ಸಿ ಭಾಷೆಯಲ್ಲಿ ಬರೆದು ಪೈಥಾನಿಗೆ ಜೋಡಿಸುವ ಪದ್ಧತಿಯುಂಟು. ಹೀಗೆ ಜೋಡಿಸಿದ ಭಾಗಗಳಿಗೆ ವಿಸ್ತರಣ ಮಾಡ್ಯೂಲುಗಳೆಂದು ಹೆಸರು.

ಗಣಕದ ಸ್ಮೃತಿಯನ್ನು ಒಂದು ಉದ್ದನೆಯ ಬೀದಿಯೆಂದು ಭಾವಿಸಿದರೆ, ಅದರ ಪ್ರತಿಯೊಂದು ಬೈಟಿಗೂ ಒಂದೊಂದು ಮನೆಯ ಸಂಖ್ಯೆ ಇರುತ್ತದೆ. ಈ ಸಂಖ್ಯೆಯನ್ನು ಹಿಡಿದಿಡುವ ವಸ್ತುವಿಗೆ ಸಿ ಭಾಷೆಯಲ್ಲಿ ಪಾಯಿಂಟರ್ ಎನ್ನುತ್ತಾರೆ. ಆದರೆ ಬರಿಯ ವಿಳಾಸವು ಎಲ್ಲಿಗೆ ಹೋಗಬೇಕೆಂದು ಹೇಳುತ್ತದೆಯೇ ಹೊರತು, ಅಲ್ಲಿ ಏನಿದೆಯೆಂದು ಹೇಳುವುದಿಲ್ಲ.

ಇದರಿಂದಾಗುವ ಅನರ್ಥವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಒಂದು ಮಾಡ್ಯೂಲು 1.0 ಎಂಬ ದಶಾಂಶ ಸಂಖ್ಯೆಯನ್ನು ರೂಢಿಯಂತೆ 64 ಬಿಟ್ಟುಗಳಲ್ಲಿ ಬರೆದಿಟ್ಟು, ಅದರ ವಿಳಾಸವನ್ನು ಮತ್ತೊಂದಕ್ಕೆ ಕೊಡುತ್ತದೆಯೆನ್ನೋಣ. ಆ ಎರಡನೆಯದು ಅದೇ ಬಿಟ್ಟುಗಳನ್ನು ಪೂರ್ಣಾಂಕವೆಂದು ಓದಿದರೆ ಅದಕ್ಕೆ ದೊರೆಯುವುದು 1 ಅಲ್ಲ; 4607182418800017408! ಬಿಟ್ಟುಗಳಲ್ಲಿ ಒಂದೂ ಬದಲಾಗಿಲ್ಲ. ಓದುವ ರೀತಿ ಮಾತ್ರ ಬದಲಾಗಿದೆ. ಇಂತಹ ತಪ್ಪಿನಿಂದ ಕೆಲವು ವೇಳೆ ಕ್ರಮವಿಧಿಯು ಅಲ್ಲಿಯೇ ಮುರಿದುಬೀಳುತ್ತದೆ. ಅದು ನಮ್ಮ ಪುಣ್ಯವೆಂದೇ ತಿಳಿಯಬೇಕು. ಮುರಿದುಬೀಳದೆ ತಪ್ಪು ಉತ್ತರವನ್ನು ಸದ್ದಿಲ್ಲದೆ ಕೊಟ್ಟುಬಿಟ್ಟರೆ, ಆ ಉತ್ತರವನ್ನು ನಂಬಿದವನ ಗತಿಯೇನು?

ಹಾಗಾದರೆ ಮಾಡ್ಯೂಲುಗಳು ಪಾಯಿಂಟರುಗಳನ್ನು ಹಂಚಿಕೊಳ್ಳದೆಯೇ ಇರಬಾರದೆ? ಇರಲಾಗದು. ಒಂದು ಮಾಡ್ಯೂಲಿನ ಸಿ ಕಾರ್ಯಗಳು ಇನ್ನೊಂದಕ್ಕೆ ಬೇಕಾಗುತ್ತವೆ. ಆದರೆ ಪ್ರತ್ಯೇಕವಾಗಿ ಸ್ಮೃತಿಗೆ ಬಂದ ಮಾಡ್ಯೂಲುಗಳಲ್ಲಿ ಒಂದರ ಒಳಹೆಸರುಗಳು ಇನ್ನೊಂದಕ್ಕೆ ಕಾಣುತ್ತವೆಂಬ ಭರವಸೆಯಿಲ್ಲ. ಆದ್ದರಿಂದ ವಿಳಾಸವು ಪೈಥಾನಿನ ಮೂಲಕವೇ ದಾಟಬೇಕು. ಇದಕ್ಕಾಗಿ ರೂಪಿಸಿದ ಸಾಧನವೇ ಕ್ಯಾಪ್ಸೂಲ್. ಇದು 2009ರ ಪೈಥಾನ್ 3.1ರಲ್ಲಿಯೂ, 2010ರ 2.7ರಲ್ಲಿಯೂ ಬಳಕೆಗೆ ಬಂದಿತು. ಇದಕ್ಕೆ ಹಿಂದೆ ಇದ್ದ ಸಾಧನದಲ್ಲಿ ಹೆಸರನ್ನು ತಾಳೆ ನೋಡುವ ಏರ್ಪಾಡು ಇರಲಿಲ್ಲ; ಒಂದರ ವಿಳಾಸವನ್ನು ಮತ್ತೊಂದಕ್ಕೆ ತಪ್ಪಾಗಿ ಕೊಟ್ಟರೆ ತಡೆಯುವವರಿರಲಿಲ್ಲ.

ಕ್ಯಾಪ್ಸೂಲನ್ನು ಮುಚ್ಚಿದ ಕರಡಿಗೆಗೆ ಹೋಲಿಸಬಹುದು. ಒಳಗೆ ಪಾಯಿಂಟರ್; ಮೇಲೆ ಒಂದು ಹೆಸರಿನ ಚೀಟಿ; ಜೊತೆಗೆ, ಬೇಕಾದರೆ, ಕರಡಿಗೆಯು ನಾಶವಾಗುವಾಗ ಮಾಡಬೇಕಾದ ಕೆಲಸದ ಸೂಚನೆ. ಸಾಮಾನ್ಯ ಪೈಥಾನ್ ಕ್ರಮವಿಧಿಯು ಇದನ್ನು ಕೈಯಿಂದ ಕೈಗೆ ದಾಟಿಸಬಹುದೇ ವಿನಾ ಒಳಗಿನದನ್ನು ಬಳಸಲಾರದು. ತೆರೆಯಬೇಕೆನ್ನುವ ಮಾಡ್ಯೂಲು ತಾನು ನಿರೀಕ್ಷಿಸುವ ಹೆಸರನ್ನು ಹೇಳಬೇಕು. ಅದು ಚೀಟಿಯ ಹೆಸರಿನೊಡನೆ ಅಕ್ಷರಶಃ ಹೊಂದಿದರೆ ವಿಳಾಸ ದೊರೆಯುತ್ತದೆ. ಹೊಂದದಿದ್ದರೆ ವಿಳಾಸದ ಬದಲು ದೋಷಸೂಚನೆ ಬರುತ್ತದೆ. ಮಾಡ್ಯೂಲಿನ ಹೆಸರು, ಚುಕ್ಕೆ, ಕರಡಿಗೆಯ ಹೆಸರು ಎಂಬ ಕ್ರಮದಲ್ಲಿ ಚೀಟಿ ಬರೆಯುವುದು ವಾಡಿಕೆ. ದಿನಾಂಕ ಮತ್ತು ವೇಳೆಗಳನ್ನು ನಿರ್ವಹಿಸುವ ಡೇಟ್‌ಟೈಮ್ ಎಂಬ ಮಾಡ್ಯೂಲು ತನ್ನ ಸಿ ಕಾರ್ಯಗಳನ್ನು ಇತರರಿಗೆ ಒದಗಿಸುವುದು ಈ ರೀತಿಯಲ್ಲಿಯೇ.

ಇನ್ನು ಎರಡನೆಯ ತೊಡಕು ಒಡೆತನದ್ದು. ಬಳಸಿ ಮುಗಿದ ಸ್ಮೃತಿಯನ್ನು ಯಾರು ಬಿಟ್ಟುಕೊಡಬೇಕು? ಯಾರೂ ಬಿಡದಿದ್ದರೆ ಸ್ಮೃತಿ ವ್ಯರ್ಥ. ಇಬ್ಬರೂ ಬಿಟ್ಟರೆ ಅನಾಹುತ. ಸಂಖ್ಯಾಪಂಕ್ತಿಗಳ ವಿನಿಮಯಕ್ಕೆ ಬಳಸುವ ಡಿಎಲ್‌ಪ್ಯಾಕ್ ಎಂಬ ಒಡಂಬಡಿಕೆಯು ಇದನ್ನು ಚೀಟಿಯಿಂದಲೇ ಪರಿಹರಿಸುತ್ತದೆ. ಅದರ ಮೂಲರೂಪದಲ್ಲಿ ಕರಡಿಗೆಯ ಹೆಸರು "ಡಿಎಲ್‌ಟೆನ್ಸರ್". ಸ್ವೀಕರಿಸಿದ ಮಾಡ್ಯೂಲು ಅದನ್ನು "ಯೂಸ್ಡ್ ಡಿಎಲ್‌ಟೆನ್ಸರ್", ಎಂದರೆ ಬಳಕೆಯಾದದ್ದು, ಎಂದು ತಿದ್ದುತ್ತದೆ. ಕರಡಿಗೆಯು ನಾಶವಾಗುವಾಗ ಹಳೆಯ ಹೆಸರೇ ಉಳಿದಿದ್ದರೆ ಒಳಗಿನ ಸ್ಮೃತಿಯನ್ನೂ ಬಿಟ್ಟುಕೊಡಲಾಗುವುದು. ತಿದ್ದಿದ ಹೆಸರಿದ್ದರೆ ಆ ಹೊಣೆ ಸ್ವೀಕರಿಸಿದವನದು. ಒಂದು ವಸ್ತುವಿಗೆ ಒಬ್ಬನೇ ಒಡೆಯ; ಒಂದು ಕರಡಿಗೆ ಒಮ್ಮೆಯೇ ಬಳಕೆ.

ಆದರೆ ಈ ಏರ್ಪಾಡಿನ ಮಿತಿಯನ್ನೂ ನಾವು ಅರಿತಿರಬೇಕು. ಪೈಥಾನ್ ತಾಳೆ ನೋಡುವುದು ಚೀಟಿಯನ್ನು, ಒಳಗಿನ ವಸ್ತುವನ್ನಲ್ಲ. ಹೊಸ ಆವೃತ್ತಿಯಲ್ಲಿ ವಸ್ತುವಿನ ರಚನೆಯನ್ನು ಬದಲಾಯಿಸಿ ಹಳೆಯ ಹೆಸರನ್ನೇ ಉಳಿಸಿಕೊಂಡರೆ ಯಂತ್ರವು ಅದನ್ನು ಕಂಡುಹಿಡಿಯಲಾರದು. ಆದುದರಿಂದಲೇ ಬಲ್ಲವರು ಆವೃತ್ತಿಯ ಸಂಖ್ಯೆಯನ್ನೂ ಸೇರಿಸಿಟ್ಟು, ಮೊದಲು ಅದನ್ನು ಪರೀಕ್ಷಿಸುತ್ತಾರೆ. ವಿದ್ಯಾರ್ಥಿಯು ಉತ್ತರದ ಮುಂದೆ "ಸೆಂ.ಮೀ." ಎಂದು ಬರೆದ ಮಾತ್ರಕ್ಕೆ ಅವನು ಅಳೆದದ್ದು ಸೆಂಟಿಮೀಟರಿನಲ್ಲಿಯೇ ಎಂದು ಸಿದ್ಧವಾಗುವುದಿಲ್ಲವಷ್ಟೆ. ಚೀಟಿಯನ್ನು ಓದುವ ಕೆಲಸ ಯಂತ್ರದ್ದು. ಅದನ್ನು ಪ್ರಾಮಾಣಿಕವಾಗಿ ಬರೆಯುವ ಕೆಲಸ ನಮ್ಮದು.