ಏಸಿ ಕಚೇರಿಯಲ್ಲಿ ಐದು ಕುರ್ಚಿ

ತರೀಕೆರೆಯ ಉಪವಿಭಾಗಾಧಿಕಾರಿ (ಏಸಿ) ಕಚೇರಿಗೆ ಕಡೂರು, ಅಜ್ಜಂಪುರದ ಜನ ಬರುವುದು ಬಹುಪಾಲು ಪಹಣಿ ತಿದ್ದುಪಡಿಗೆ, ಖಾತೆ ತಕರಾರಿಗೆ, ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪಿಟಿಸಿಎಲ್ ಮೊಕದ್ದಮೆಯ ವಾಯಿದೆಗೆ. ಏಸಿ ಆಫೀಸು ಎಂದರೆ ಜಮೀನಿನ ಆಫೀಸು ಎಂದೇ ರೂಢಿ. ಅದೇ ಕಚೇರಿಯ ಸಭೆಯಲ್ಲಿ ಊರಿನ ಐವರು ಸಾಮಾನ್ಯರಿಗೆ ಕಾನೂನೇ ಕುರ್ಚಿ ಹಾಕಿಕೊಟ್ಟಿದೆ ಎಂಬುದು ಹೊರಗಿನ ಬೆಂಚಿನಲ್ಲಿ ದಿನವಿಡೀ ಕಾಯುವವರಲ್ಲಿ ಎಷ್ಟು ಮಂದಿಗೆ ಗೊತ್ತು?

ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ಅದಕ್ಕೂ ಮೊದಲು 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಹೊರಟಿತ್ತು. ಕಾಯ್ದೆಯ 13ನೇ ಕಲಂ ಪ್ರಕಾರ ಪ್ರತಿ ಜಿಲ್ಲೆಗೂ ಪ್ರತಿ ಉಪವಿಭಾಗಕ್ಕೂ ಒಂದೊಂದು ಜಾಗೃತಿ ಸಮಿತಿ ಇರಬೇಕು. ಉಪವಿಭಾಗದ ಸಮಿತಿಗೆ ಅಧ್ಯಕ್ಷರು ಉಪವಿಭಾಗಾಧಿಕಾರಿ. ಇಲಾಖೆಯವರು, ಬ್ಯಾಂಕಿನವರು ಇರುತ್ತಾರೆ. ಅವರಿಲ್ಲದ ಸರ್ಕಾರಿ ಸಮಿತಿ ಯಾವುದಿದೆ! ವಿಶೇಷವಿರುವುದು ಉಳಿದ ಐವರಲ್ಲಿ. ಉಪವಿಭಾಗದಲ್ಲೇ ವಾಸವಿರುವ ಪರಿಶಿಷ್ಟ ಜಾತಿ, ಪಂಗಡದ ಮೂವರನ್ನು ಉಪವಿಭಾಗಾಧಿಕಾರಿ ನೇಮಿಸಬೇಕು. ಅಲ್ಲೇ ವಾಸವಿರುವ ಇಬ್ಬರು ಸಾಮಾಜಿಕ ಕಾರ್ಯಕರ್ತರನ್ನು ಜಿಲ್ಲಾಧಿಕಾರಿ ನೇಮಿಸಬೇಕು. ವಾಸವಿರುವ ಎಂಬ ಷರತ್ತು ಸುಮ್ಮನೆ ಹಾಕಿದ್ದಲ್ಲ. ಜೀತ ಅಧಿಕಾರಿಯ ಜೀಪಿಗೆ ಕಾಣುವುದಿಲ್ಲ. ಯಾರ ಮನೆಯ ಹುಡುಗ ಶಾಲೆ ಬಿಟ್ಟು ಯಾರ ದನ ಕಾಯುತ್ತಿದ್ದಾನೆ, ಯಾವ ಸಂಸಾರ ಹಬ್ಬಕ್ಕೂ ತಾಂಡಾಕ್ಕೆ ಬರಲಿಲ್ಲ ಎಂಬುದು ಗೊತ್ತಾಗುವುದು ನೆರೆಯವರಿಗೇ.

ಸಮಿತಿಯ ಕೆಲಸಗಳ ಪಟ್ಟಿಯಲ್ಲಿ ಸಮೀಕ್ಷೆ, ಸಲಹೆ, ಸಾಲ ಕೊಡಿಸುವುದು ಎಲ್ಲವೂ ಇವೆ. ನನಗೆ ಬೆರಗು ಹುಟ್ಟಿಸಿದ್ದು ಬೇರೊಂದು. ಬಿಡುಗಡೆಯಾದವನ ಮೇಲೆ ಹಳೆಯ ಸಾಲದ ನೆಪ ಹೂಡಿ ಧಣಿ ದಾವೆ ಹಾಕಿದರೆ, ಸಮಿತಿ ತನ್ನ ಸದಸ್ಯರಲ್ಲಿ ಒಬ್ಬರಿಗೆ ಅಧಿಕಾರ ಕೊಟ್ಟು ನ್ಯಾಯಾಲಯಕ್ಕೆ ಕಳಿಸಬಹುದು. ಆ ಸದಸ್ಯ ಕರಿಕೋಟು ತೊಟ್ಟವನಾಗಬೇಕಿಲ್ಲ. ಕಡೂರಿನ ಕಡೆಯ ಒಬ್ಬ ಕೂಲಿಕಾರ ಮಹಿಳೆ ಇನ್ನೊಬ್ಬ ಕೂಲಿಕಾರನ ಪರವಾಗಿ ಕಟಕಟೆಯ ಮುಂದೆ ನಿಲ್ಲಲು ಈ ಕಾಯ್ದೆ ದಾರಿ ಮಾಡಿಕೊಟ್ಟಿದೆ. ಜೊತೆಗೆ, ಇದು ಜೀತದ ಸಾಲವಲ್ಲ ಎಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು, ಪಡೆದವನದಲ್ಲ.

ಈ ಸೀಮೆಗೆ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. 1947ರವರೆಗೆ ಇಡೀ ಚಿಕ್ಕಮಗಳೂರು ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ಜಿಲ್ಲೆಯ ಒಂದು ಬದಿ ಕಾಫಿಯ ಮಲೆನಾಡು, ಇನ್ನೊಂದು ಬದಿ ಮಳೆ ನಂಬಿದ ಬಯಲು. ಬಯಲಿನಲ್ಲಿ ಕೈಗೆ ಕೆಲಸವಿಲ್ಲದ ನವೆಂಬರಿನಿಂದಾಚೆಗೇ ಘಟ್ಟದಲ್ಲಿ ಹಣ್ಣು ಬಿಡಿಸುವ ಕಾಲ. ಮೇಸ್ತ್ರಿ ತಾಂಡಾಕ್ಕೆ, ಹಟ್ಟಿಗೆ ಬಂದು ಅಡ್ವಾನ್ಸ್ ಕೊಡುತ್ತಾನೆ. ಸಂಸಾರ ಲೈನ್ ಮನೆ ಸೇರುತ್ತದೆ. ಈಗ ಅಸ್ಸಾಮಿನಿಂದ, ಬಂಗಾಳದಿಂದ ಬಂದವರೂ ಕಡೂರು, ಬೀರೂರು ನಿಲ್ದಾಣಗಳಲ್ಲಿ ಇಳಿದು ತೋಟದ ಜೀಪು ಹತ್ತುತ್ತಾರೆ. ಹೋದವರೆಲ್ಲ ಜೀತಗಾರರಲ್ಲ, ಲೆಕ್ಕ ಚುಕ್ತಾ ಮಾಡಿ ಕೈತುಂಬ ದುಡ್ಡು ಕೊಟ್ಟು ಕಳಿಸುವ ತೋಟಗಳೂ ಬೇಕಾದಷ್ಟಿವೆ. ಆದರೆ ಅಡ್ವಾನ್ಸ್ ತೀರುವವರೆಗೆ ಬೇರೆಡೆ ದುಡಿಯುವಂತಿಲ್ಲ, ಗೇಟು ದಾಟುವಂತಿಲ್ಲ, ಕೂಲಿ ಕೇಳುವಂತಿಲ್ಲ ಎಂದಾದ ಕ್ಷಣ ಅದು ಕಾನೂನಿನ ಕಣ್ಣಿನಲ್ಲಿ ಜೀತ. ಸರಪಳಿ ಬೇಕಿಲ್ಲ. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು 1982ರಲ್ಲಿ, ದೆಹಲಿಯ ಏಷ್ಯಾಡ್ ಕಾಮಗಾರಿಯ ಪ್ರಕರಣದಲ್ಲಿ ಹೇಳಿತು.

ಮುಂಗಡದ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಬ್ರಿಟಿಷರ 1859ರ ಕಾಯ್ದೆಯೊಂದರಂತೆ ಮುಂಗಡ ಪಡೆದು ಕೆಲಸ ಬಿಟ್ಟವನು ಸಾಲಗಾರನಷ್ಟೇ ಅಲ್ಲ, ಅಪರಾಧಿ. ಅದನ್ನು ತೆಗೆದುಹಾಕಲು 1925ರವರೆಗೆ ಕಾಯಬೇಕಾಯಿತು. ಕೆಲವೇ ವರ್ಷಗಳ ನಂತರ, 1933ರಲ್ಲಿ, ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾಯಿತು. ಚೋಮನ ಮಕ್ಕಳು ಘಟ್ಟ ಹತ್ತುವುದು ಕಾಫಿ ತೋಟದ ಸಾಲ ತೀರಿಸಲಿಕ್ಕೆ. ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದ್ದು 1975ರಲ್ಲಿ, ಸುಗ್ರೀವಾಜ್ಞೆ ಬಂದ ವರ್ಷವೇ.

ಹಳೆಯ ಕಥೆ ಎಂದು ಬದಿಗಿಡುವಂತೆಯೂ ಇಲ್ಲ. 2022ರ ಅಕ್ಟೋಬರಿನಲ್ಲಿ ಇದೇ ಜಿಲ್ಲೆಯ ಬಾಳೆಹೊನ್ನೂರು ಠಾಣೆಯ ವ್ಯಾಪ್ತಿಯಲ್ಲಿ, ಕಾಫಿ ತೋಟವೊಂದರಲ್ಲಿ ದಲಿತ ಕಾರ್ಮಿಕರನ್ನು ಕೂಡಿಹಾಕಿ ಹಲ್ಲೆ ಮಾಡಲಾಯಿತೆಂಬ ದೂರು ದಾಖಲಾಗಿ ದೇಶವೆಲ್ಲ ಸುದ್ದಿಯಾಯಿತು. ಜಗಳದ ಮೂಲ ಮತ್ತದೇ, ಮುಂಗಡ.

1976ರ ಕಾಯ್ದೆ ಬಂದಾಗಿನಿಂದ ಕರ್ನಾಟಕದಲ್ಲಿ ಗುರುತಿಸಲಾದ ಜೀತಗಾರರು 63 ಸಾವಿರಕ್ಕೂ ಹೆಚ್ಚು. ಹೀಗೆ ಗುರುತಿಸುವ ಕೆಲಸಕ್ಕೆ ತಳಮಟ್ಟದಲ್ಲಿ ಒತ್ತಡ ತಂದವರಲ್ಲಿ ಜೀವಿಕ ಮುಖ್ಯವಾದದ್ದು. ಜೀತ ವಿಮುಕ್ತಿ ಕರ್ನಾಟಕ ಎಂಬುದರ ಸಂಕ್ಷಿಪ್ತ ರೂಪ ಅದು. ಕಟ್ಟಿದವರು ಕಿರಣ್ ಕಮಲ್ ಪ್ರಸಾದ್. ಊರೂರಿಗೆ ಹೋಗಿ ಜೀತಗಾರರ ಪಟ್ಟಿ ಮಾಡುವುದು, ಅರ್ಜಿ ಬರೆಸಿ ತಹಶೀಲ್ದಾರರ ಮೇಜಿಗೆ ತಲುಪಿಸುವುದು, ಉತ್ತರ ಬರುವವರೆಗೆ ಬಾಗಿಲಲ್ಲಿ ಕೂರುವುದು ಅವರ ದಾರಿ. ದಾಳಿ, ಟೀವಿ ಕ್ಯಾಮೆರಾಗಳಿಗಿಂತ ಈ ಬೇಸರದ ಕಾಗದ ಪತ್ರದ ಕೆಲಸವೇ ಹೆಚ್ಚು ಜನರನ್ನು ಬಿಡಿಸುತ್ತದೆ ಎಂದು ನನ್ನ ನಂಬಿಕೆ.

ಯಾಕೆಂದರೆ ಎಲ್ಲವೂ ನಿಂತಿರುವುದು ಒಂದು ಹಾಳೆಯ ಮೇಲೆ. ಏಸಿ ಸಹಿ ಮಾಡಿ ಕೊಡುವ ಆ ಹಾಳೆಗೆ ಬಿಡುಗಡೆ ಪತ್ರವೆನ್ನುತ್ತಾರೆ. ಅದು ಕೈಗೆ ಬಂದರೆ ಸಾಲ ರದ್ದಾದಂತೆ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ತಕ್ಷಣಕ್ಕೆ 30,000 ರೂಪಾಯಿವರೆಗೆ ನೆರವು. ಆಮೇಲೆ ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ಮಾನವ ಕಳ್ಳಸಾಗಣೆ, ಲೈಂಗಿಕ ಶೋಷಣೆಯಂಥ ಘೋರ ಪ್ರಕರಣಗಳಲ್ಲಿ 3 ಲಕ್ಷ. ಪೂರ್ತಿ ಹಣ ಸಿಗಲು ಜೀತ ಸಾಬೀತಾಗಬೇಕು, ಅದಕ್ಕೆ ವಿಚಾರಣೆ ಮುಗಿಯಬೇಕು. ಉಪವಿಭಾಗಾಧಿಕಾರಿಯೇ ಮ್ಯಾಜಿಸ್ಟ್ರೇಟ್ ಆಗಿ ಸಂಕ್ಷಿಪ್ತ ವಿಚಾರಣೆ ನಡೆಸಬಹುದೆಂದು ಕಾಯ್ದೆಯಲ್ಲಿದೆ. ಜಮೀನಿನ ಕಡತಗಳ ರಾಶಿಯ ನಡುವೆ ಈ ಕಡತ ಮೇಲೆ ಬರಬೇಕಾದರೆ ಯಾರಾದರೂ ಬೆನ್ನು ಹತ್ತಲೇಬೇಕು. ಆ ಐದು ಕುರ್ಚಿಗಳಿರುವುದೇ ಅದಕ್ಕೆ.

ಈಚೆಗೆ ಮೇಸ್ತ್ರಿ ಫೋನಿನೊಳಗೆ ಬಂದು ಕೂತಿದ್ದಾನೆ. ಥಾಯ್ಲೆಂಡಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ, ಡಾಲರ್ ಸಂಬಳ, ಟಿಕೆಟ್ಟು ಕಂಪನಿಯದು ಎಂದು ಟೆಲಿಗ್ರಾಂ, ವಾಟ್ಸಾಪಿನಲ್ಲಿ ಸಂದೇಶ. ಹೀಗೆ ಹೋದವರನ್ನು ಗಡಿ ದಾಟಿಸಿ ಮ್ಯಾನ್ಮಾರಿಗೆ ಒಯ್ದು ಸೈಬರ್ ವಂಚನೆಗೆ ದುಡಿಸುತ್ತಿದ್ದಾರೆಂದು ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಸಿತ್ತು. 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳು ಎರಡೇ ದಿನದಲ್ಲಿ 549 ಭಾರತೀಯರನ್ನು ವಾಪಸು ಕರೆತಂದವು. ಅಲ್ಲಿಯ ಲೆಕ್ಕವೂ ನಮಗೆ ಹೊಸದಲ್ಲ: ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾರೆ, ನಿನ್ನ ಮೇಲೆ ಇಷ್ಟು ಖರ್ಚಾಗಿದೆ, ತೀರಿಸಿ ಹೋಗು ಎನ್ನುತ್ತಾರೆ. 2016ರಲ್ಲಿ ಮನೆಗೆಲಸಕ್ಕೆಂದು ಕೊಲ್ಲಿಗೆ ಹೋದ ಉಡುಪಿ ಕಡೆಯ ಮಹಿಳೆಯೊಬ್ಬರನ್ನು ಸೌದಿಯ ಒಡೆಯ ಹಿಡಿದಿಟ್ಟುಕೊಂಡದ್ದೂ, ಏಜೆಂಟನಿಗೆ ತಾನು ಕೊಟ್ಟ ಹಣ ಮೊದಲು ಬರಲಿ ಎಂದೇ. ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನದ ಡಾ. ರವೀಂದ್ರನಾಥ ಶಾನಭಾಗರು ಹಠ ಹಿಡಿದು ಪತ್ರ ಬರೆಯುತ್ತಾ ಹೋದದ್ದರಿಂದ ಆಕೆ 2017ರ ಸೆಪ್ಟೆಂಬರಿನಲ್ಲಿ ಊರು ಸೇರಿದರು.

ಗಡಿಯಾಚೆ ದುಡಿದು ತಪ್ಪಿಸಿಕೊಂಡು ಬಂದವನಿಗೆ ಮಾತ್ರ ಏಸಿ ಸಹಿಯ ಹಾಳೆ ಸಿಗುವುದಿಲ್ಲ. ಅವನಿಗೆ ಸಿಗುವುದು ಪೊಲೀಸ್ ವಿಚಾರಣೆ: ನೀನು ಮೋಸ ಹೋದವನೋ, ಮೋಸ ಮಾಡಿದವನೋ? ಹಾಗಾಗಿ ಇಲ್ಲಿ ನೆರೆಯವರ ಕೆಲಸ ಹೊರಡುವ ಮುಂಚೆಯೇ ಆಗಬೇಕು. ಏಜೆಂಟನಿಗೆ ಪರವಾನಗಿ ಇದೆಯೇ ಎಂದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಲು ಐದು ನಿಮಿಷ ಸಾಕು. ಪಂಚಾಯಿತಿ ಗ್ರಂಥಾಲಯದಲ್ಲೋ ಸೈಬರ್ ಅಂಗಡಿಯಲ್ಲೋ ಕೂತು ನೋಡಿಕೊಡಬಲ್ಲ ಹುಡುಗಿಯರು ಈಗ ಎಲ್ಲ ಊರಲ್ಲೂ ಇದ್ದಾರೆ. ಮಕ್ಕಳ ವಿಷಯಕ್ಕೆ 1098, ಸೈಬರ್ ವಂಚನೆಗೆ 1930, ತುರ್ತಿಗೆ 112.

ಇನ್ನು ಆ ಐವರು ಯಾರು? ನಿಮ್ಮ ಉಪವಿಭಾಗದ ಜಾಗೃತಿ ಸಮಿತಿಯ ಸದಸ್ಯರ ಹೆಸರು, ಕಡೆಯ ಸಭೆಯ ದಿನಾಂಕ, ನಡಾವಳಿಯ ಪ್ರತಿ ಇಷ್ಟನ್ನು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಉತ್ತರಕ್ಕೆ ಗಡುವು 30 ದಿನ. ಕೇಳಿದ ಮಾಹಿತಿ ಒಬ್ಬರ ಜೀವಕ್ಕೋ ಸ್ವಾತಂತ್ರ್ಯಕ್ಕೋ ಸಂಬಂಧಿಸಿದ್ದಾದರೆ 48 ಗಂಟೆ.