ಪದಾರ್ಥದಿಂದ ಪ್ರಸಾದಕ್ಕೆ: ಒಡವೆ ಮತ್ತು ಬದುಕಿನ ಅರ್ಥವನ್ನು ಕುರಿತ ಕೆಲವು ಕನ್ನಡ ಪಠ್ಯಗಳು

‘ಬದುಕಿಗೆ ಅರ್ಥವನ್ನು ಕೊಡುವುದು ಯಾವುದು?’ ಎಂದು ಕನ್ನಡದಲ್ಲಿ ಕೇಳುವವರು ತಮಗೆ ಅರಿವಿಲ್ಲದೆಯೇ ಎರಡು ಸಲ ಆಸ್ತಿಯ ಮಾತನ್ನಾಡಿರುತ್ತಾರೆ. ‘ಅರ್ಥ’ವೆಂಬುದು ಪದದ ತಾತ್ಪರ್ಯವೂ ಹೌದು; ಪುರುಷಾರ್ಥಗಳಲ್ಲಿ ಎರಡನೆಯದಾದ ಸಂಪತ್ತೂ ಹೌದು. ‘ಬದುಕು’ ಎಂಬ ಅಚ್ಚಗನ್ನಡ ಪದಕ್ಕೆ ನಿಘಂಟುಗಳು ಜೀವನ, ಜೀವನೋಪಾಯ ಎಂಬ ಅರ್ಥಗಳೊಂದಿಗೆ ಸ್ವತ್ತು, ಸರಕು ಎಂಬ ಅರ್ಥಗಳನ್ನೂ ಕೊಡುತ್ತವೆ. ಮನೆಗೆ ಬೆಂಕಿ ಬಿದ್ದಾಗ ‘ಬದುಕೆಲ್ಲ ಹೋಯಿತು’ ಎಂದು ಗೋಳಿಡುವ ಒಕ್ಕಲಿನ ಮಾತಿನಲ್ಲಿ ಹೋದದ್ದು ಪ್ರಾಣವಲ್ಲ. ಕಾಳುಕಡಿ, ಪಾತ್ರೆಪಡಗ, ದನಕರು. ವಸ್ತುಗಳ ಒಡೆತನದಿಂದ ಬಾಳು ಸಾರ್ಥಕವಾಗುವುದೆ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಪಾಶ್ಚಾತ್ಯ ಗ್ರಾಹಕ ಸಂಸ್ಕೃತಿಯ ವಿಮರ್ಶೆಯಿಂದ ಎರವಲು ಪಡೆದು ಚರ್ಚಿಸುತ್ತಿದ್ದೇವೆ. ಆ ಪ್ರಶ್ನೆಯು ಕನ್ನಡದ ಪದಕೋಶದಲ್ಲಿಯೇ ಅಡಗಿ ಕುಳಿತಿದೆಯೆಂಬುದನ್ನೂ, ವಚನಗಳಲ್ಲಿ ಅದಕ್ಕೆ ವಿಶಿಷ್ಟವಾದ ಒಂದು ಉತ್ತರ ರೂಪುಗೊಂಡಿದೆಯೆಂಬುದನ್ನೂ ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ವ್ಯಾಕರಣದ ಒಂದು ಸಂಗತಿಯನ್ನು ಗಮನಿಸಬೇಕು. ಸ್ವಾಮ್ಯವನ್ನು ಹೇಳಲು ಕನ್ನಡದಲ್ಲಿ ದೈನಂದಿನ ಬಳಕೆಯ ಪ್ರತ್ಯೇಕ ಕ್ರಿಯಾಪದವಿಲ್ಲ. ‘ನನಗೆ ಇಬ್ಬರು ಮಕ್ಕಳಿದ್ದಾರೆ’, ‘ಅವನ ಬಳಿ ಹಣವಿದೆ’ ಎಂಬ ವಾಕ್ಯಗಳಲ್ಲಿ ಕರ್ತೃಸ್ಥಾನದಲ್ಲಿರುವುದು ಒಡೆಯನಲ್ಲ, ಒಡವೆ. ವಸ್ತು ‘ಇರು’ತ್ತದೆ, ಮನುಷ್ಯನು ಅದರ ಇರವಿಗೆ ಒಂದು ನೆಲೆ ಮಾತ್ರ. ಎರಿಕ್ ಫ್ರಾಮ್ ೧೯೭೬ರಲ್ಲಿ ಪ್ರಕಟಿಸಿದ, ಹೊಂದುವಿಕೆ ಮತ್ತು ಇರುವಿಕೆಗಳನ್ನು ಎದುರುಬದುರಾಗಿ ನಿಲ್ಲಿಸುವ ತನ್ನ ಪ್ರಸಿದ್ಧ ಗ್ರಂಥದಲ್ಲಿ, ಅನೇಕ ಭಾಷೆಗಳಲ್ಲಿ ‘ಹೊಂದು’ ಎಂಬರ್ಥದ ಪದವೇ ಇಲ್ಲವೆಂದು ಹೇಳಿ ಹೀಬ್ರೂವಿನ ಉದಾಹರಣೆಯನ್ನು ಕೊಡುತ್ತಾನೆ. ಕನ್ನಡವೂ ಆ ಪಟ್ಟಿಗೆ ಸೇರತಕ್ಕುದೇ. ‘ಉಳ್ಳವರು’ ಎಂಬ ಪದವನ್ನೇ ನೋಡಬಹುದು. ಇರು ಎಂಬರ್ಥದ ‘ಉಳ್’ ಧಾತುವಿನಿಂದ ಬಂದ ಈ ಪದದ ಮೂಲಾರ್ಥವನ್ನು ಹಿಡಿದರೆ ಸಿರಿವಂತರೆಂದರೆ ‘ಇರುವವರು’, ಬಡವರು ‘ಇಲ್ಲದವರು’. ಭಾಷೆಯು ಇಲ್ಲಿ ಎಷ್ಟು ನಿಷ್ಕರುಣೆಯಿಂದ ವರ್ತಿಸಿದೆಯೆಂದರೆ ಆಸ್ತಿಯಿಲ್ಲದವನಿಗೆ ಅಸ್ತಿತ್ವವನ್ನೇ ನಿರಾಕರಿಸಿದಂತಿದೆ. ‘ಆಸ್ತಿ’ ಎಂಬ ಪದ ಕೇಳಿದಾಗಲೂ ಸಂಸ್ಕೃತದ ‘ಅಸ್ತಿ’ ಕಿವಿಯಲ್ಲಿ ಸುಳಿಯುತ್ತದೆ.

ಇಂತಹ ವ್ಯಾಕರಣಸಾಕ್ಷ್ಯದಿಂದ ನೀತಿಯ ತೀರ್ಮಾನಕ್ಕೆ ಜಿಗಿಯುವುದು ಅಪಾಯಕರ. ‘ಹೊಂದು’ ಎಂಬ ಕ್ರಿಯೆಗೆ ಸಹಜಪದವಿಲ್ಲದ ಮಾತ್ರಕ್ಕೆ ಕನ್ನಡಿಗರು ನಿರ್ಮೋಹಿಗಳಾಗಿದ್ದರೆಂದು ಹೇಳಿದರೆ ನಮ್ಮ ಶಾಸನಗಳೇ ನಗುತ್ತವೆ. ಎಷ್ಟು ಮತ್ತರು ಕೆಯ್, ಎಷ್ಟು ಗದ್ಯಾಣ ಹೊನ್ನು, ಮೂಡಲು ಯಾವ ಹಳ್ಳ, ಪಡುವಲು ಯಾವ ಕಲ್ಲು ಎಂದು ಎಲ್ಲೆಯನ್ನು ಕಂಡರಿಸಿ, ಅಪಹರಿಸಿದವನಿಗೆ ನರಕವನ್ನು ವಿಧಿಸುವ ಶಾಪಾಶಯಗಳೊಂದಿಗೆ ಮುಗಿಯುವ ದಾನಶಾಸನಗಳು ಸಾವಿರಾರು ಇವೆ. ಹಾಗಾಗಿ ಭಾಷೆಯು ಒಂದು ಸಾಧ್ಯತೆಯನ್ನು ಮಾತ್ರ ತೆರೆದಿಡುತ್ತದೆ. ಅದನ್ನು ವಿಚಾರವಾಗಿ ಬೆಳೆಸಿದವರು ಯಾರು ಎಂಬುದು ನಮ್ಮ ಮುಂದಿನ ಪ್ರಶ್ನೆ.

‘ಉಳ್ಳವರು’ ಎಂಬ ಪದದಿಂದಲೇ ಆರಂಭವಾಗುವ ಬಸವಣ್ಣನ ವಚನವು ಕನ್ನಡ ಅಧ್ಯಾಪಕರಿಗೆಲ್ಲ ಕಂಠಸ್ಥವಾದುದು. ಎ. ಕೆ. ರಾಮಾನುಜನ್ ಅವರು ೧೯೭೩ರ ತಮ್ಮ ವಚನಾನುವಾದ ಗ್ರಂಥದ ಪ್ರಸ್ತಾವನೆಯಲ್ಲಿ ಈ ವಚನವನ್ನು ವಿಶ್ಲೇಷಿಸುತ್ತ, ಅಲ್ಲಿ ಮಾಡುವಿಕೆ ಮತ್ತು ಆಗುವಿಕೆಗಳ ನಡುವಣ ವೈದೃಶ್ಯವನ್ನು ಗುರುತಿಸಿದ್ದಾರೆ. ಧನಿಕನು ದೇಗುಲವನ್ನು ಮಾಡಬಲ್ಲ. ಬಡವನು ತಾನೇ ದೇಗುಲವಾಗಬಲ್ಲ. ರಾಮಾನುಜನ್ ಅವರ ಈ ಓದಿಗೆ ಮೇಲಿನ ಪದವಿಚಾರವನ್ನು ಸೇರಿಸಿದರೆ ಇನ್ನೊಂದು ಎಳೆ ಕಾಣುತ್ತದೆ. ‘ಇರುವವರು’ ಎಂದು ಭಾಷೆಯು ಯಾರನ್ನು ಮಾನ್ಯಮಾಡಿತ್ತೋ ಅವರ ನಿರ್ಮಿತಿಯು ಅಳಿಯುತ್ತದೆ. ಅದು ಯಾರಿಗೆ ಇರವನ್ನೇ ನಿರಾಕರಿಸಿತ್ತೋ ಅವನು ಉಳಿಯುತ್ತಾನೆ. ವಚನವು ವರ್ಗಭೇದವನ್ನು ಟೀಕಿಸುವುದರೊಡನೆ ಒಂದು ಪದದ ಅನ್ಯಾಯವನ್ನೂ ತಿದ್ದುತ್ತದೆ.

ಆದರೆ ಈ ಒಂದು ವಚನದಿಂದ ವಚನಕಾರರು ವಸ್ತುದ್ವೇಷಿಗಳೆಂದು ತಿಳಿಯಬಾರದು. ಸಾಂಪ್ರದಾಯಿಕ ಆಕರಗಳ ಪ್ರಕಾರ ಬಸವಣ್ಣನು ಕಲಚುರಿ ಬಿಜ್ಜಳನ ಭಂಡಾರದ ಹೊಣೆ ಹೊತ್ತವನು. ಹೊನ್ನನ್ನು ಎಣಿಸುವುದೇ ಆತನ ಕಾಯಕವಾಗಿತ್ತು. ಭಂಡಾರವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂಬ ದೂರು, ಲೆಕ್ಕ ನೋಡಿದಾಗ ಒಂದು ಕಾಸೂ ಕಡಿಮೆಯಾಗದಿರುವುದು ಇವು ಬಸವಕಥನಗಳಲ್ಲಿ ಬರುವ ಪ್ರಸಿದ್ಧ ಪ್ರಸಂಗ. ಪವಾಡದ ಅಂಶವನ್ನು ಬದಿಗಿಟ್ಟರೂ, ಹಣದ ನಡುವೆಯೇ ಇರುವವನ ನೈತಿಕತೆಯ ಪ್ರಶ್ನೆಯನ್ನು ಪರಂಪರೆಯು ಮುಚ್ಚಿಡಲಿಲ್ಲವೆಂಬುದು ಗಮನಾರ್ಹ.

ಇಲ್ಲಿಯೇ ‘ಪದಾರ್ಥ’ ಎಂಬ ಪರಿಭಾಷೆಯು ಮುಖ್ಯವಾಗುತ್ತದೆ. ಸಂಸ್ಕೃತದಲ್ಲಿ ಪದದ ಅರ್ಥವನ್ನೂ, ದರ್ಶನಗಳಲ್ಲಿ ತತ್ತ್ವದ ವಿಭಾಗಗಳನ್ನೂ ಹೇಳುವ ಈ ಶಬ್ದವು ಕನ್ನಡದಲ್ಲಿ ಕೈಗೆ ಸಿಗುವ ವಸ್ತುವಾಗಿದೆ. ದಕ್ಷಿಣ ಕನ್ನಡದ ಊಟದ ಎಲೆಯಲ್ಲಿ ಅದು ಅನ್ನಕ್ಕೆ ಕಲಸಿಕೊಳ್ಳುವ ವ್ಯಂಜನದವರೆಗೂ ಇಳಿದುಬಂದಿದೆ. ವಚನಗಳಲ್ಲಿ, ವಿಶೇಷವಾಗಿ ಚೆನ್ನಬಸವಣ್ಣನ ವಚನಗಳಲ್ಲಿ, ‘ಪದಾರ್ಥ’ಕ್ಕೆ ಎದುರಾಗಿ ನಿಲ್ಲುವ ಪದ ‘ಪ್ರಸಾದ’. ಅರ್ಪಿತವಾಗದೆ ಇರುವುದು ಪದಾರ್ಥ. ಅರ್ಪಿತವಾಗಿ ಮರಳಿ ಬಂದುದು ಪ್ರಸಾದ. ಅದೇ ಅನ್ನ, ಅದೇ ನೀರು. ದ್ರವ್ಯದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ, ಅದು ಸಾಗಿಬಂದ ದಾರಿಯಲ್ಲಿ ವ್ಯತ್ಯಾಸವಿದೆ. ಎಂದರೆ ವಸ್ತುವಿಗೆ ತನ್ನಷ್ಟಕ್ಕೆ ಅರ್ಥವಿಲ್ಲ, ಹಾಗೆಂದು ಅದು ಮಾಯೆಯೆಂದು ತಳ್ಳತಕ್ಕುದೂ ಅಲ್ಲ. ಅದು ಹೇಗೆ ಬಂದಿತು ಮತ್ತು ಎಲ್ಲಿಗೆ ಹೋಯಿತು ಎಂಬೆರಡು ಪ್ರಶ್ನೆಗಳಿಂದ ಅದರ ಅರ್ಥ ನಿರ್ಣಯವಾಗುತ್ತದೆ. ಮೊದಲನೆಯ ಪ್ರಶ್ನೆಗೆ ಉತ್ತರ ಕಾಯಕ, ಎರಡನೆಯದಕ್ಕೆ ದಾಸೋಹ. ಇವೆರಡರ ನಡುವೆ ತಂಗಿದ್ದು, ನಾಳೆಗೆಂದು ಕೂಡಿಟ್ಟದ್ದು, ಅರ್ಥಹೀನ.

ಈ ತತ್ತ್ವವು ಕೇವಲ ಪರಿಭಾಷೆಯಾಗಿ ಉಳಿಯದೆ ಗಂಡಹೆಂಡಿರ ಮಾತಾಗಿ ನಮ್ಮೆದುರು ನಿಲ್ಲುವುದು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಪ್ರಸಂಗದಲ್ಲಿ. ಬಸವಣ್ಣನ ಮಹಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಳಗೆ ಸೇರಿಸುವುದಿಲ್ಲ. ತಂದಲ್ಲಿಗೇ ಸುರಿದು ಬರುವಂತೆ ಹೇಳುತ್ತಾಳೆ. ಅವಳ ವಚನದಲ್ಲಿ ‘ಒಮ್ಮನ’ವನ್ನು ಮೀರಿದ ‘ಇಮ್ಮನ’ದ ಮಾತು ಬರುತ್ತದೆ. ಒಂದಾಗಿದ್ದ ಮನಸ್ಸು ಎರಡಾಯಿತೆಂಬುದು ನೇರವಾದ ಅರ್ಥ. ಧಾನ್ಯವನ್ನಳೆಯುವ ‘ಮಾನ’ದ ದನಿಯೂ ಅಲ್ಲಿ ಸೇರಿಕೊಂಡಿದೆಯೆಂದು ನನಗೆ ತೋರುತ್ತದೆ. ಅಕ್ಕಿಯ ಅಳತೆ ಇಮ್ಮಡಿಯಾದ ಕ್ಷಣದಲ್ಲಿಯೇ ಮನಸ್ಸೂ ಇಬ್ಭಾಗವಾಗುತ್ತದೆ.

ಈ ಪ್ರಸಂಗವನ್ನು ನಮ್ಮ ಪಠ್ಯಪುಸ್ತಕಗಳು ‘ಅತಿಯಾಸೆ ಬೇಡ’ ಎಂಬ ಸರಳಬೋಧೆಗೆ ಇಳಿಸಿಬಿಟ್ಟಿವೆ. ಅದಕ್ಕಿಂತ ತೀಕ್ಷ್ಣವಾದುದು ಇಲ್ಲಿದೆ. ಮಾರಯ್ಯನು ಕದ್ದಿರಲಿಲ್ಲ, ಬೇಡಿರಲಿಲ್ಲ. ತನ್ನ ಕಾಯಕದಿಂದಲೇ ಆ ಅಕ್ಕಿಯನ್ನು ತಂದಿದ್ದ. ಹೆಚ್ಚಿನ ಅಕ್ಕಿಯಿಂದ ಹೆಚ್ಚಿನ ಜಂಗಮರಿಗೆ ಉಣಬಡಿಸಬಹುದೆಂಬ ಸಮರ್ಥನೆಯೂ ಅವನಿಗೆ ಲಭ್ಯವಿತ್ತು. ಗಳಿಕೆ ನ್ಯಾಯವಾದದ್ದು, ಉದ್ದೇಶ ದಾನ ಎಂಬ ಈ ಎರಡು ಸಮರ್ಥನೆಗಳೇ ಇಂದಿಗೂ ಅಪಾರ ಸಂಪತ್ತಿಗೆ ನಾವು ಕೊಡುವ ಗೌರವದ ಆಧಾರಗಳು. ಲಕ್ಕಮ್ಮ ಎರಡನ್ನೂ ಒಪ್ಪುವುದಿಲ್ಲ. ಶ್ರಮದಿಂದ ಬಂದದ್ದಾದರೂ ಇಂದಿನ ಅಗತ್ಯಕ್ಕಿಂತ ಮಿಗಿಲಾದುದು ಬೇರೊಬ್ಬರದು. ದಾಸೋಹದ ಹೆಸರಿನಲ್ಲಿಯೂ ಸಂಗ್ರಹ ಸಂಗ್ರಹವೇ. ಮುಂದೆ ಅದೇ ಅಳತೆಯ ಅಕ್ಕಿಯಲ್ಲಿ ಬಸವಣ್ಣನನ್ನೂ ಶರಣಸಮೂಹವನ್ನೂ ಅವರು ತಣಿಸಿದರೆಂದು ಕಥನವು ಹೇಳುವಾಗ, ಪವಾಡದ ಭಾಷೆಯಲ್ಲಿ ಅದು ಈ ವಾದವನ್ನೇ ಮುಂದುವರಿಸುತ್ತಿದೆ. ಬಡತನವೆಂಬುದು ಮನಸ್ಸಿನದೇ ಹೊರತು ಧನದ್ದಲ್ಲವೆಂಬ ಲಕ್ಕಮ್ಮನ ನಿಲುವನ್ನು ‘ಇದ್ದುದರಲ್ಲಿ ತೃಪ್ತರಾಗಿರಿ’ ಎಂದು ಬಡವರಿಗೆ ಮಾಡಿದ ಉಪದೇಶವಾಗಿ ಓದುವುದೂ ತಪ್ಪು. ಆ ಮಾತನ್ನಾಡುವವಳು ಸ್ವತಃ ಆಯ್ದ ಅಕ್ಕಿಯನ್ನುಣ್ಣುವವಳು. ಅವಳು ಹಾಗೆ ನುಡಿಯುವುದು ತನ್ನ ಮನೆಯ ಬಾಗಿಲಲ್ಲಿ, ತನ್ನ ಗಂಡನೊಡನೆ.

ಈ ಸಂವಾದವು ನಮಗೆ ದೊರೆಯುವುದು ೧೫ನೆಯ ಶತಮಾನದಿಂದ ಸಂಕಲನಗೊಂಡ ಶೂನ್ಯಸಂಪಾದನೆಗಳ ಚೌಕಟ್ಟಿನಲ್ಲಿ ಎಂಬುದನ್ನು ಮರೆಯಲಾಗದು. ಆದುದರಿಂದ ೧೨ನೆಯ ಶತಮಾನದ ಕಲ್ಯಾಣದಲ್ಲಿ ಹೀಗೆಯೇ ನಡೆಯಿತೆಂದು ಹೇಳಲು ಬಾರದು. ಆದರೆ ಸಂಕಲನಕಾರರು ಆರಿಸಿಕೊಂಡ ಹೆಸರೇ ಸ್ವಾರಸ್ಯಕರವಾಗಿದೆ. ‘ಸಂಪಾದನೆ’ ಗಳಿಕೆಯ ಪದ. ಅಲ್ಲಿ ಗಳಿಸಬೇಕಾದದ್ದು ಶೂನ್ಯ. ಕಸ ಗುಡಿಸುವ ಕಾಯಕದ ಸತ್ಯಕ್ಕನಾದರೋ, ದಾರಿಯಲ್ಲಿ ಬಿದ್ದ ಹೊನ್ನನ್ನೂ ವಸ್ತ್ರವನ್ನೂ ಮುಟ್ಟೆನೆಂದು ಆಣೆಯಿಡುತ್ತಾಳೆ. ಇವರಿಬ್ಬರೂ ಹೆಂಗಸರು, ಇಬ್ಬರೂ ಸಂಪತ್ತಿನ ಅಂಗಳದ ಅಂಚಿನಲ್ಲಿ ನಿಂತವರು ಎಂಬುದು ಆಕಸ್ಮಿಕವೆನಿಸುವುದಿಲ್ಲ.

ವಚನಗಳ ಈ ಉತ್ತರವೇ ಕನ್ನಡದ ಏಕೈಕ ಉತ್ತರವಲ್ಲ. ಜೈನದರ್ಶನದಲ್ಲಿ ಉಮಾಸ್ವಾತಿಯು ಪರಿಗ್ರಹವನ್ನು ‘ಮೂರ್ಛೆ’ಯೆಂದು ವ್ಯಾಖ್ಯಾನಿಸಿದ್ದಾನೆ. ವಸ್ತು ಕೈಯಲ್ಲಿರುವುದಕ್ಕಿಂತ ಅದಕ್ಕೆ ಮನಸ್ಸು ಮರುಳಾಗುವುದೇ ಪರಿಗ್ರಹ. ಶ್ರಾವಕನಿಗಾದರೂ ಪರಿಮಿತಿಯ ಅಣುವ್ರತವುಂಟು. ಇಷ್ಟು ಹೊಲ, ಇಷ್ಟು ಹೊನ್ನು ಎಂದು ತಾನೇ ಎಲ್ಲೆ ಹಾಕಿಕೊಳ್ಳಬೇಕು. ಪಂಪನ ಆದಿಪುರಾಣದಲ್ಲಿ ಭರತ ಚಕ್ರವರ್ತಿಯು ದಿಗ್ವಿಜಯವನ್ನು ಮುಗಿಸಿ ತನ್ನ ಹೆಸರನ್ನು ಕೆತ್ತಿಸಲು ವೃಷಭಾಚಲಕ್ಕೆ ಹೋದಾಗ, ಹಿಂದಿನ ಚಕ್ರವರ್ತಿಗಳ ಪ್ರಶಸ್ತಿಗಳಿಂದ ಬಂಡೆಯೆಲ್ಲ ತುಂಬಿರುವುದನ್ನು ಕಾಣುತ್ತಾನೆ. ಅವನ ಗರ್ವ ಕರಗುತ್ತದೆ. ಆದರೂ ಒಬ್ಬನ ಪ್ರಶಸ್ತಿಯನ್ನು ಅಳಿಸಿ ತನ್ನದನ್ನು ಬರೆಸುತ್ತಾನೆ. ಒಡೆತನದ ಮೇಲೆ ಇಷ್ಟು ಮರ್ಮಭೇದಕವಾದ ವ್ಯಾಖ್ಯಾನ ಪ್ರಾಚೀನ ಕನ್ನಡದಲ್ಲಿ ಇನ್ನೊಂದಿಲ್ಲ. ಬಾಹುಬಲಿಯ ಕಡೆಯಿಂದಲೂ ಪ್ರಶ್ನೆ ಸುಲಭವಲ್ಲ. ಎಲ್ಲವನ್ನೂ ತೊರೆದ ಮೇಲೂ, ತಾನು ನಿಂತ ನೆಲ ಭರತನದೆಂಬ ಭಾವವೇ ಅವನ ಕೇವಲಜ್ಞಾನಕ್ಕೆ ಅಡ್ಡಿಯಾಯಿತೆಂಬ ಕಥನ ಜೈನ ಪರಂಪರೆಯಲ್ಲಿ ಪ್ರಚಲಿತವಾಗಿದೆ. ತ್ಯಾಗವೂ ಒಡೆತನದ ಲೆಕ್ಕವನ್ನು ನೆನಪಿಟ್ಟುಕೊಳ್ಳಬಲ್ಲುದು.

೧೬ನೆಯ ಶತಮಾನದಲ್ಲಿ ರತ್ನಾಕರವರ್ಣಿಯು ಇದೇ ಭರತನನ್ನು ತೆಗೆದುಕೊಂಡು ತೀರ ಭಿನ್ನವಾದ ಮಾರ್ಗವನ್ನು ಹಿಡಿದನು. ಭರತೇಶ ವೈಭವದ ನಾಯಕನು ಅರಮನೆ, ಅಂತಃಪುರ, ನವನಿಧಿಗಳ ನಡುವೆ ಇದ್ದುಕೊಂಡೇ ಯೋಗಿ. ಭೋಗ ಮತ್ತು ಯೋಗಗಳ ಈ ಸಮನ್ವಯವನ್ನು ವಿಮರ್ಶಕರು ಬಹುವಾಗಿ ಮೆಚ್ಚಿದ್ದಾರೆ. ಸಾಂಗತ್ಯದ ಮಾಧುರ್ಯಕ್ಕೆ ಮನಸೋಲದವರು ಯಾರು? ಆದರೆ ವಾದವಾಗಿ ನೋಡಿದರೆ ಇದು ಉಳ್ಳವರಿಗೆ ತುಂಬ ಅನುಕೂಲವಾದ ದರ್ಶನ. ನಿರ್ಲಿಪ್ತಿಯು ಒಳಗಿನ ಸಂಗತಿಯಾದಾಗ ಹೊರಗಿನ ಅಕ್ಕಿಯ ರಾಶಿಯನ್ನು ಯಾರೂ ಅಳೆಯಬೇಕಾಗಿಲ್ಲ. ಲಕ್ಕಮ್ಮ ಅಳೆದಳು. ಮನಸ್ಸಿನ ಸ್ಥಿತಿಯನ್ನು ತಿಳಿಯಲು ಅವಳಿಗೆ ಬೇರೆ ಪ್ರಮಾಣ ಬೇಕಾಗಲಿಲ್ಲ.

ಆಧುನಿಕ ಸಾಹಿತ್ಯದಲ್ಲಿ ಈ ಪ್ರಶ್ನೆಯ ವಿಸ್ತಾರ ದೊಡ್ಡದು. ಇಲ್ಲಿ ಒಂದು ಕೃತಿಯನ್ನು ಮಾತ್ರ ಹೆಸರಿಸಬಯಸುತ್ತೇನೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕಾದಂಬರಿಯಲ್ಲಿ ಬೆಂಗಳೂರಿನ ಒಂದು ಕೆಳಮಧ್ಯಮವರ್ಗದ ಕುಟುಂಬವು ಚಿಕ್ಕಪ್ಪನ ಮಸಾಲೆಪುಡಿಯ ವ್ಯಾಪಾರದಿಂದ ಶ್ರೀಮಂತವಾಗುತ್ತದೆ. ಇಕ್ಕಟ್ಟಿನ ಮನೆಯಲ್ಲಿದ್ದಾಗ ಪ್ರತಿಯೊಂದು ವಸ್ತುವನ್ನು ಕೊಳ್ಳುವುದಕ್ಕೂ ಎಲ್ಲರ ಸಮಾಲೋಚನೆ, ಎಲ್ಲರ ಕಾಯುವಿಕೆ ಬೇಕಾಗುತ್ತಿತ್ತು. ಹಾಗೆ ಬಂದ ವಸ್ತುವಿಗೆ ಮನೆಯಲ್ಲಿ ಒಂದು ಚರಿತ್ರೆಯಿರುತ್ತಿತ್ತು. ಹೊಸ ಮನೆಗೆ ಬಂದ ಮೇಲೆ ವಸ್ತುಗಳು ತುಂಬಿಕೊಳ್ಳುತ್ತವೆ, ಚರಿತ್ರೆ ಮಾತ್ರ ಇರುವುದಿಲ್ಲ. ಕಥೆಯನ್ನು ಹೇಳುವ ಯುವಕನು ಹೆಸರಿಗೆ ಸಂಸ್ಥೆಯ ನಿರ್ದೇಶಕ. ಕೆಲಸವಿಲ್ಲದಿದ್ದರೂ ಅವನ ಖಾತೆಗೆ ತಿಂಗಳು ತಿಂಗಳು ಹಣ ಬಂದು ಬೀಳುತ್ತದೆ. ಮದುವೆಯಾಗಿ ಆ ಮನೆಗೆ ಬಂದ ಅನಿತಾಳಿಗೆ ಈ ಸಂಗತಿ ತಿಳಿದಾಗ ಅವಳು ಅದನ್ನು ಸಹಿಸಿಕೊಳ್ಳಲಾರಳು.

ಕಾದಂಬರಿಯಲ್ಲಿ ಕಾಯಕದ ಪರಿಭಾಷೆಯಾಗಲಿ ಧರ್ಮದ ಚರ್ಚೆಯಾಗಲಿ ಎಲ್ಲಿಯೂ ಇಲ್ಲ. ಆದರೆ ಹೊರಗಿನಿಂದ ಬಂದ ಹೆಂಡತಿಯೊಬ್ಬಳು ಹೊಸಿಲಲ್ಲಿ ನಿಂತು ‘ಇದು ಹೇಗೆ ಬಂದಿತು?’ ಎಂದು ಗಂಡನನ್ನು ಕೇಳುವ ಸನ್ನಿವೇಶವು ವಚನಗಳನ್ನು ಓದಿದವರಿಗೆ ಪರಿಚಿತವಾದುದೇ. ಮಾರಯ್ಯನು ಹೆಂಡತಿಯ ಮಾತನ್ನು ಕೇಳಿ ಅಕ್ಕಿಯನ್ನು ಹಿಂದಿರುಗಿಸಲು ಹೋಗುತ್ತಾನೆ. ಅವನಿಗೆ ಅಕ್ಕಿಯನ್ನು ಮರಳಿ ಸುರಿಯಲು ಒಂದು ಅಂಗಳವಾದರೂ ಇತ್ತು. ಈ ಕಾದಂಬರಿಯ ಮನೆಯವರು ಹಣವನ್ನು ಹಿಂದಿರುಗಿಸುವ ಯೋಚನೆಯನ್ನೇ ಮಾಡುವುದಿಲ್ಲ. ಪ್ರಶ್ನೆ ಕೇಳಿದವಳೇ ಅವರಿಗೆ ತೊಡಕಾಗುತ್ತಾಳೆ. ಅವಳಿಗೆ ಕೊನೆಗೆ ಏನಾಯಿತೆಂಬುದನ್ನು ಕೃತಿಯು ಬಾಯಿಬಿಟ್ಟು ಹೇಳುವುದಿಲ್ಲ. ಕಾಫಿ ಹೌಸಿನಲ್ಲಿ ಕುಳಿತ ಗಂಡನು ಅವಳು ಊರಿನಿಂದ ಮರಳುವುದನ್ನು ಕಾಯುತ್ತಲೇ ಇರುತ್ತಾನೆ.