ಕೆಡಿಸಿದ ಪೆಟ್ಟಿಗೆಗಳ ಪ್ರದರ್ಶನ

ಬಾಗಿಲ ಮೇಲೆ ಆಗತಾನೆ ಕಡಿದ ಎತ್ತಿನ ತಲೆಯೊಂದು ತೂಗುತ್ತಿತ್ತು. ಪೊಲೀಸರು ಬಂದು ಅದನ್ನು ತೆಗೆಸಿದರು. ಒಳಗಿದ್ದ ಸೋಜಿಗಗಳಿಗೆ ಮಾತ್ರ ಯಾವ ಕಾನೂನೂ ಅಡ್ಡಬರಲಿಲ್ಲ.

1963ರ ಮಾರ್ಚ್ 11ರಿಂದ 20ರವರೆಗೆ ಪಶ್ಚಿಮ ಜರ್ಮನಿಯ ವುಪ್ಪರ್ಟಾಲ್ ನಗರದಲ್ಲಿ ನಡೆದ ಪ್ರದರ್ಶನವಿದು. ವಾಸ್ತುಶಿಲ್ಪಿ ರೋಲ್ಫ್ ಯೇರ್ಲಿಂಗ್ ಅವರು ತಮ್ಮ ಬಂಗಲೆಯಲ್ಲಿಯೇ 'ಪಾರ್ನಾಸ್' ಎಂಬ ಚಿತ್ರಶಾಲೆಯನ್ನು ನಡೆಸುತ್ತಿದ್ದರು. ಆ ಬಂಗಲೆಯನ್ನೆಲ್ಲ ಅವರು ಒಬ್ಬ ಕೊರಿಯನ್ ತರುಣನ ವಶಕ್ಕೆ ಬಿಟ್ಟುಕೊಟ್ಟರು. ಆತನೇ ನಾಮ್ ಜೂನ್ ಪೈಕ್. 1932ರಲ್ಲಿ ಸೋಲ್ ನಗರದಲ್ಲಿ ಹುಟ್ಟಿ, ಟೋಕಿಯೋದಲ್ಲಿ ವ್ಯಾಸಂಗ ಮುಗಿಸಿ, 1956ರಲ್ಲಿ ಸಂಗೀತಾಭ್ಯಾಸಕ್ಕೆಂದು ಜರ್ಮನಿಗೆ ಬಂದವನು. ವಿದ್ಯುತ್ತಿನಿಂದ ನಾದವನ್ನು ಹುಟ್ಟಿಸಬಹುದಾದರೆ ಚಿತ್ರವನ್ನೇಕೆ ಹುಟ್ಟಿಸಬಾರದು? ಈ ಒಂದು ಪ್ರಶ್ನೆಯನ್ನು ಹಿಡಿದು, ಹಳೆಯ ಟೆಲಿವಿಷನ್ ಪೆಟ್ಟಿಗೆಗಳನ್ನು ಬಿಚ್ಚಿಟ್ಟುಕೊಂಡು, ಮಿತ್ರರಿಗೂ ತಿಳಿಸದೆ ಪ್ರಯೋಗಕ್ಕೆ ತೊಡಗಿದ್ದ.

ಪ್ರದರ್ಶನದ ವೇಳೆ ಸಂಜೆ ಏಳೂವರೆಯಿಂದ ಒಂಬತ್ತೂವರೆ. ಟೆಲಿವಿಷನ್ ಕಾರ್ಯಕ್ರಮಗಳು ಆಗ ದಿನವಿಡೀ ಇರುತ್ತಿರಲಿಲ್ಲ. ಪ್ರಸಾರವಿಲ್ಲದಿದ್ದರೆ ಪೈಕನ ಪೆಟ್ಟಿಗೆಗಳಿಗೆ ಕೆಡಿಸಲು ಚಿತ್ರವೆಲ್ಲಿಂದ ಬರಬೇಕು? ವೀಡಿಯೋ ಕಲೆಯ ಮೊದಲ ಹೆಜ್ಜೆಯೆಂದು ಇಂದು ಹೆಸರಾಗಿರುವ ಆ ಪ್ರದರ್ಶನದಲ್ಲಿ ವೀಡಿಯೋ ಟೇಪು ಇರಲೇ ಇಲ್ಲವೆಂಬುದು ಒಂದು ವಿನೋದ.

ಉದ್ಘಾಟನೆಯ ದಿನ ಹೆಚ್ಚು ಸದ್ದು ಮಾಡಿದ್ದು ಪಿಯಾನೋ. ಪೈಕ್ ತಂತಿ, ಗೊಂಬೆ, ಚಿಲ್ಲರೆ ಸಾಮಾನುಗಳನ್ನೆಲ್ಲ ಬಿಗಿದು ಸಜ್ಜುಗೊಳಿಸಿದ್ದ ಪಿಯಾನೋಗಳಲ್ಲಿ ಒಂದನ್ನು ಕಲಾವಿದ ಯೋಸೆಫ್ ಬಾಯ್ಸ್ ಕೊಡಲಿಯಿಂದ ಒಡೆದುಹಾಕಿದ. ಗೋಡೆಯ ಮೇಲೆ ಧ್ವನಿಮುದ್ರಿತ ಟೇಪಿನ ತುಂಡುಗಳನ್ನು ಅಂಟಿಸಲಾಗಿತ್ತು. ನೋಡಬಂದವರು ಯಂತ್ರದ ತುದಿಯನ್ನು ಕೈಯಲ್ಲಿ ಹಿಡಿದು ಮನಬಂದೆಡೆ ಎಳೆದು ತಮ್ಮ ಸಂಗೀತವನ್ನು ತಾವೇ ಹೊರಡಿಸಬಹುದಿತ್ತು.

ಆದರೆ ಪ್ರದರ್ಶನದ ಜೀವಾಳವಿದ್ದುದು ಟೆಲಿವಿಷನ್ನುಗಳ ಕೋಣೆಯಲ್ಲಿ. ಒಂದು ಪೆಟ್ಟಿಗೆಗೆ ರೇಡಿಯೋ ಜೋಡಿಸಿತ್ತು; ಧ್ವನಿ ಏರಿದಂತೆ ತೆರೆಯ ನಡುವಣ ಬೆಳಕಿನ ಬಿಂದು ಹಿಗ್ಗುತ್ತಿತ್ತು, ಇಳಿದಂತೆ ಕುಗ್ಗುತ್ತಿತ್ತು. ಮತ್ತೊಂದಕ್ಕೆ ಟೇಪ್ ರೆಕಾರ್ಡರಿನ ಸಂಗೀತವನ್ನು ಹಾಯಿಸಿ ಚಿತ್ರ ತಿರುಚಿಕೊಳ್ಳುವಂತೆ ಮಾಡಿದ್ದ. ಇನ್ನೊಂದರ ಮುಂದೆ ಮೈಕ್ರೊಫೋನ್. ಮಾತನಾಡಿದರೆ ತೆರೆಯ ಮೇಲೆ ಚುಕ್ಕೆಗಳು ಸಿಡಿಯುತ್ತಿದ್ದವು. ಅದುವರೆಗೆ ಟೆಲಿವಿಷನ್ ತಾನು ಹೇಳುವುದನ್ನು ಹೇಳುತ್ತಿತ್ತು, ಮನೆಮಂದಿ ಬಾಯಿಮುಚ್ಚಿ ನೋಡುತ್ತಿದ್ದರು. ಇಲ್ಲಿ ನೋಡುಗ ತಿರುಗಿ ಮಾತನಾಡಿದ. ಪೆಟ್ಟಿಗೆ ಅವನ ಮಾತಿಗೆ ಮಣಿಯಿತು. ಕೊಡಲಿಯ ಏಟಿಗಿಂತ ಇದೇ ಹೆಚ್ಚಿನ ಕ್ರಾಂತಿಯೆನ್ನಬೇಕು.

'ರೆಂಬ್ರಾಂಟ್' ಎಂಬ ಹೆಸರಿನ ಪೆಟ್ಟಿಗೆಯೊಂದು ನೆಲಕ್ಕೆ ಮುಖಮಾಡಿ ಕವುಚಿಬಿದ್ದಿತ್ತು. ಮಹಾಚಿತ್ರಕಾರನ ಹೆಸರು ಹೊತ್ತ ಯಂತ್ರಕ್ಕೆ ಈ ಗತಿ!

ಬಹುಕಾಲ ನೆನಪಿನಲ್ಲುಳಿದುದು ಅತಿ ಬಡವಾದ ಪೆಟ್ಟಿಗೆ. ಹಳೆಯ ಟೆಲಿವಿಷನ್ನಿನ ಗಾಜಿನ ನಳಿಗೆಯಲ್ಲಿ ಎಲೆಕ್ಟ್ರಾನುಗಳ ಕಿರಣವು ಅಡ್ಡಲಾಗಿ ಗೆರೆ ಎಳೆಯುತ್ತ ಮೇಲಿನಿಂದ ಕೆಳಕ್ಕೆ ಸಾಗುತ್ತದೆ. ಆ ಗೆರೆಗಳೆಲ್ಲ ಸೇರಿ ಚಿತ್ರವಾಗುತ್ತದೆ. ಕೆಳಕ್ಕಿಳಿಯುವ ಚಲನೆ ನಿಂತರೆ ಉಳಿಯುವುದು ಒಂದೇ ಗೆರೆ. ರಿಪೇರಿಯವನ ಬಳಿ ಒಯ್ಯಬೇಕಾದ ಅಂಥ ಪೆಟ್ಟಿಗೆಯನ್ನು ಪೈಕ್ ಮಗ್ಗುಲಿಗೆ ತಿರುಗಿಸಿ ನಿಲ್ಲಿಸಿ, 'ಟೆಲಿವಿಷನ್ನಿಗೊಂದು ಝೆನ್' ಎಂದು ಹೆಸರಿಟ್ಟ. ಸುತ್ತಲೂ ಅಷ್ಟು ಗದ್ದಲವಿರಲು, ಕತ್ತಲ ತೆರೆಯ ನಡುವೆ ಒಂದು ಬಿಳಿಯ ಗೆರೆ, ನೆಟ್ಟಗೆ, ಮಾತಿಲ್ಲದೆ ನಿಂತಿತ್ತು.